ಹೊಸಬರ ಕೈಗೊಂದು ಸೌಟು ಕೊಡಿ: ಚರ್ಚಿನ ಹಬ್ಬ, ಊಟ, ಕಾಫಿಯಲ್ಲಿ ಜನರನ್ನು ಬರಮಾಡಿಕೊಳ್ಳುವುದು ಹೇಗೆ?

ನಮ್ಮ ಚರ್ಚಿನ ವಾರ್ಷಿಕ ಹಬ್ಬದ ಊಟ. ಅಂಗಳದ ತುಂಬ ಶಾಮಿಯಾನ. ಮೈಕಿನಲ್ಲಿ ಯಾರೋ ಹೌಸಿ ನಂಬರ್ ಕೂಗುತ್ತಿದ್ದಾರೆ. ಸೈಕಲ್ ಸ್ಟ್ಯಾಂಡಿನ ಹತ್ತಿರ ಗಂಡ, ಹೆಂಡತಿ, ಒಬ್ಬಳು ಪುಟ್ಟ ಹುಡುಗಿ ತಟ್ಟೆ ಹಿಡಿದು ನಿಂತೇ ತಿನ್ನುತ್ತಿದ್ದರು. ಅವರ ಎದುರಿಗೇ ಹತ್ತು ಕುರ್ಚಿ ಖಾಲಿ ಇದ್ದವು. ನನ್ನ ಕೈಯಲ್ಲಿ ಸಾಂಬಾರ್ ಬಕೆಟ್ ಇತ್ತು. ಬಡಿಸಿದೆ, ನಕ್ಕೆ, ಮುಂದಿನ ಸಾಲಿಗೆ ಹೋದೆ.

ಕೆಲವು ವಾರ ಕಳೆದು ಆಕೆ ತರಕಾರಿ ಅಂಗಡಿಯಲ್ಲಿ ಸಿಕ್ಕರು. ನಾನೇ ಮಾತಾಡಿಸಿದೆ. ಅವರು ಹೇಳಿದ್ದು ಇಷ್ಟು: "ಐದು ತಿಂಗಳಿಂದ ಬರ್ತಿದೀವಿ ಬ್ರದರ್. ಊಟ ಚೆನ್ನಾಗಿತ್ತು. ಆದ್ರೆ ಇವತ್ತಿನವರೆಗೂ ಯಾರೂ ಹೆಸರು ಕೇಳಿರ್ಲಿಲ್ಲ."

ಆ ದಿನ ನಾವು ನಾನೂರು ಜನಕ್ಕೆ ಅಡುಗೆ ಮಾಡಿದ್ದೆವು. ಸ್ವಾಗತ ಚೆನ್ನಾಗಿ ಆಯಿತು ಎಂದು ಪಾಲನಾ ಸಮಿತಿಯಲ್ಲಿ ಬೆನ್ನು ತಟ್ಟಿಕೊಂಡಿದ್ದೂ ಆಗಿತ್ತು! ಆಮೇಲಿನ ವರ್ಷಗಳಲ್ಲಿ ನಾವು ಒಂದಷ್ಟು ಬದಲಾಯಿಸಿಕೊಂಡೆವು. ಕೆಲವು ಕೈಹಿಡಿದವು, ಕೆಲವು ಕೈಕೊಟ್ಟವು. ನಿಮ್ಮ ಧರ್ಮಕೇಂದ್ರದಲ್ಲೂ (ಪ್ಯಾರಿಷ್) ಬಳಸಿಕೊಳ್ಳಬಹುದು ಎಂದು ಬರೆಯುತ್ತಿದ್ದೇನೆ.

ಹೆಜ್ಜೆ 1: ಹೊಸಬರು ಯಾರು ಎಂದು ಮೊದಲು ನೋಡಿ

"ಹೊಸಬರು" ಎಂದರೆ ಒಂದೇ ಗುಂಪಲ್ಲ. ಬೆಂಗಳೂರಿನಂಥ ಊರಲ್ಲಿ ಜಾಸ್ತಿ ಇರುವವರು ಬೇರೆ ಊರಿಂದ ಬಂದ ಕಥೋಲಿಕರೇ. ಹಾರೋಬೆಲೆ ಕಡೆಯವರು, ರಾಯಚೂರು ಬಳ್ಳಾರಿ ಕಡೆಯವರು, ಮಂಗಳೂರಿನ ಕೊಂಕಣಿಯವರು, ಕಟ್ಟಡದ ಕೆಲಸಕ್ಕೋ ಸೆಕ್ಯುರಿಟಿ ಕೆಲಸಕ್ಕೋ ಬಂದಿರುವ ಜಾರ್ಖಂಡ್ ಒಡಿಶಾದ ಆದಿವಾಸಿ ಕಥೋಲಿಕರು. ಇವರಿಗೆ ಪೂಜೆ ಗೊತ್ತು, ಪ್ರಾರ್ಥನೆ ಗೊತ್ತು. ಗೊತ್ತಿಲ್ಲದ್ದು ನಾವು.

ಎರಡನೆಯವರು ಬಿಟ್ಟು ಹೋಗಿ ವಾಪಸ್ ಬಂದವರು. ಹದಿನೈದು ವರ್ಷ ಚರ್ಚ್ ಕಡೆ ತಲೆ ಹಾಕಿರಲಿಲ್ಲ, ಈಗ ಮಗುವಿನ ಪ್ರಥಮ ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದು) ನೆಪದಲ್ಲಿ ಬಂದಿರುತ್ತಾರೆ. ಇವರಿಗೆ ಒಳಗೊಳಗೇ ನಾಚಿಕೆ. "ಇಷ್ಟು ದಿನ ಎಲ್ಲಿ ಹೋಗಿದ್ರಿ?" ಎಂದು ತಮಾಷೆಗೆ ಕೇಳಿದರೂ ಸಾಕು, ಮತ್ತೆ ಹದಿನೈದು ವರ್ಷ ಬರುವುದಿಲ್ಲ.

ಮೂರನೆಯವರು ಮದುವೆಯಾಗಿ ಬಂದವರು. ಹೆಂಡತಿ ಕಥೋಲಿಕಳು, ಗಂಡ ಅಲ್ಲ. ಅಥವಾ ಉಲ್ಟಾ. ನಾಲ್ಕನೆಯವರು ಭಕ್ತಿಯಿಂದ ಬರುವ ಅಕ್ಕಪಕ್ಕದ ಮನೆಯವರು. ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಹೋಗಿ ನೋಡಿ. ಕೆ.ಆರ್.ನಗರದ ಹತ್ತಿರ ಡೋರನಹಳ್ಳಿಯಲ್ಲಿ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗಿ ನೋಡಿ. ಮೇಣದಬತ್ತಿ ಹಚ್ಚಲು ನಿಂತವರಲ್ಲಿ ಎಷ್ಟೋ ಜನ ಕ್ರೈಸ್ತರಲ್ಲ. ಅವರು ಹರಕೆಗೆ ಬಂದಿದ್ದಾರೆ, ಕಥೋಲಿಕರಾಗಲು ಬಂದಿಲ್ಲ. ಅವರನ್ನು ಹಾಗೇ ಗೌರವದಿಂದ ಬರಮಾಡಿಕೊಂಡರೆ ಸಾಕು. ತರಗತಿಗೆ ಸೇರಿಸುವ ಆತುರ ಬೇಡ.

ಈ ನಾಲ್ವರಿಗೂ ಒಂದೇ ಭಾಷಣ, ಒಂದೇ ಹಾರ ಹಾಕಲು ಹೋದರೆ ಕೆಲಸ ಕೆಡುತ್ತದೆ. ವೇದಿಕೆಗೆ ಕರೆದು ಚಪ್ಪಾಳೆ ತಟ್ಟಿಸುವ ಪದ್ಧತಿ ನಮ್ಮಲ್ಲೂ ಇತ್ತು. ಹೊಸಬರಿಗೆ ಅದರಷ್ಟು ಮುಜುಗರ ಇನ್ನೊಂದಿಲ್ಲ. ನಿಲ್ಲಿಸಿದೆವು.

ಹೆಜ್ಜೆ 2: ದೊಡ್ಡ ಹಬ್ಬದಿಂದ ಶುರು ಮಾಡಬೇಡಿ

ತೇರಿನ ದಿನ ಯಾರಿಗೂ ಯಾರನ್ನೂ ಮಾತಾಡಿಸಲು ಪುರುಸೊತ್ತಿರುವುದಿಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರಂದು ಕಾವಿ ಬಟ್ಟೆ ಉಟ್ಟ ಭಕ್ತರ ಸಮುದ್ರವೇ ಇರುತ್ತದೆ. ಭಕ್ತಿಗೆ ಅದು ಒಳ್ಳೆಯದು, ಪರಿಚಯಕ್ಕಲ್ಲ. ಪರಿಚಯಕ್ಕೆ ಮೂವತ್ತು ಜನ ಇರುವ ಜಾಗ ಬೇಕು.

ನಮ್ಮ ಅನುಭವದಲ್ಲಿ ಚೆನ್ನಾಗಿ ನಡೆದವು ಮೂರು.

ಒಂದು, ತಿಂಗಳ ಮೊದಲ ಭಾನುವಾರ ಪೂಜೆಯಾದ ಮೇಲೆ ಕಾಫಿ. ಖರ್ಚು ಕಡಿಮೆ. ಚಿಕ್ಕ ಲೋಟದಲ್ಲಿ ನೂರು ಜನಕ್ಕೆ ಏಳು ಲೀಟರ್ ಹಾಲು ಹಿಡಿಯುತ್ತದೆ, ಜೊತೆಗೆ ಬಿಸ್ಕತ್ತೋ ಬನ್ನೋ. ಕಾಫಿ ಪೂಜೆಯ ನಂತರವೇ ಇರಲಿ, ಮುಂಚೆ ಬೇಡ. ಪರಮಪ್ರಸಾದ ತೆಗೆದುಕೊಳ್ಳುವವರು ಅದಕ್ಕೆ ಒಂದು ಗಂಟೆ ಮುಂಚೆಯಿಂದ ಏನೂ ತಿನ್ನಬಾರದು, ಕುಡಿಯಬಾರದು. ನೀರು, ಔಷಧಿಗೆ ಅಡ್ಡಿ ಇಲ್ಲ. ಪೂಜೆಗೆ ಮೊದಲೇ ಕಾಫಿ ಇಟ್ಟರೆ ಕುಡಿದವರು ಯಾರು, ಕುಡಿಯದವರು ಯಾರು ಎಂದು ಎರಡು ಗುಂಪಾಗುತ್ತದೆ. ಇನ್ನೊಂದು ವಿಷಯ. ಕಾಫಿ ಟೇಬಲ್ ಗೇಟಿನ ದಾರಿಯಲ್ಲೇ ಇರಲಿ. ಹಿಂದಿನ ಹಾಲಿನಲ್ಲಿ ಇಟ್ಟಾಗ ಹಳಬರು ಮಾತ್ರ ಬರುತ್ತಿದ್ದರು. ಆ ಹಾಲ್ ಎಲ್ಲಿದೆ ಎಂದು ಹೊಸಬರಿಗೆ ಗೊತ್ತೇ ಇರಲಿಲ್ಲ.

ಎರಡು, ತೆನೆಹಬ್ಬ. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನಕ್ಕೆ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ಹಂಚುವ ಮೊಂತಿ ಫೆಸ್ತ್ ಇದು. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಬಾಲ ಮರಿಯಳಿಗೆ ಹೂ ಹಾಕುತ್ತಾರೆ. ಮಂಗಳೂರಿನವರು ಇರುವ ಚರ್ಚುಗಳಲ್ಲೆಲ್ಲ ಇದು ನಡೆಯುತ್ತದೆ. ಇದರ ದೊಡ್ಡ ಅನುಕೂಲ ಏನು ಗೊತ್ತಾ? ಅವತ್ತಿನ ಊಟ ಪೂರ್ತಿ ಸಸ್ಯಾಹಾರ. ಬೇರೆ ಧರ್ಮದಿಂದ ಮದುವೆಯಾಗಿ ಬಂದ ಸೊಸೆಯ ಅಪ್ಪ ಅಮ್ಮನನ್ನೂ ಧೈರ್ಯವಾಗಿ ಕರೆಯಬಹುದು. ಹೊಸ ಬೆಳೆ, ತೆನೆ, ಪಾಯಸ ಎಂದರೆ ಕರ್ನಾಟಕದಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಗೋದಲಿ ಕಟ್ಟುವುದು, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ.

ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಹುಲ್ಲು, ಎತ್ತು, ಕತ್ತೆ ಇಟ್ಟು ಕ್ರಿಸ್ಮಸ್ ರಾತ್ರಿ ಆಚರಿಸಿದರು. ಅಲ್ಲಿಂದ ಹಬ್ಬಿದ ಪದ್ಧತಿ ಇದು. ನಮ್ಮಲ್ಲಿ ಇದಕ್ಕೆ ಡಿಸೆಂಬರ್ ಮಧ್ಯದಲ್ಲೇ ರಾಗಿ ಬಿತ್ತಬೇಕು. ಹಳೇ ಟ್ರೇಗಳಲ್ಲಿ ಮಣ್ಣು ಹರಡಿ, ಒಂದು ರಾತ್ರಿ ನೆನೆಸಿದ ರಾಗಿಯನ್ನು ದಟ್ಟವಾಗಿ ಚೆಲ್ಲಿ, ಒದ್ದೆ ಗೋಣಿ ಮುಚ್ಚಿ ಇಡುತ್ತೇವೆ. ಮೊಳಕೆ ಕಂಡ ಮೇಲೆ ಗೋಣಿ ತೆಗೆದು ಬೆಳಕಿಗೆ ಇಡಬೇಕು. ಹಬ್ಬದ ಹೊತ್ತಿಗೆ ಬೆರಳುದ್ದ ಹಸಿರು. ಅದೇ ಬೆತ್ಲೆಹೇಮಿನ ಹೊಲ. ದಿನಾ ಸಂಜೆ ನೀರು ಚಿಮುಕಿಸಲು ಯಾರಾದರೂ ಬರಬೇಕು. ಬಿದಿರು ಸೀಳಬೇಕು, ಹುಲ್ಲು ಹೊದಿಸಬೇಕು, ಸೀರಿಯಲ್ ಸೆಟ್‌ನಲ್ಲಿ ಯಾವ ಬಲ್ಬ್ ಹೋಗಿದೆ ಎಂದು ಹುಡುಕಬೇಕು. ಎದುರುಬದುರು ಕೂತು ಮಾತಾಡಲು ಬಾರದ ಗಂಡಸರು ಬಲ್ಬ್ ಹುಡುಕುತ್ತಾ ಎರಡು ಗಂಟೆ ಮಾತಾಡುತ್ತಾರೆ. ಮನೆಯಲ್ಲಿ ದಸರಾ ಗೊಂಬೆ ಕೂರಿಸಿ ರೂಢಿ ಇದ್ದ ಒಬ್ಬ ಹೊಸ ಸೊಸೆಗೆ ಮೆಟ್ಟಿಲು ಜೋಡಿಸುವುದು, ಗೊಂಬೆಗಳ ನಡುವೆ ಜಾಗ ಬಿಡುವುದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಆ ವರ್ಷದ ಗೋದಲಿಗೆ ಆಕೆಯೇ ಮೇಸ್ತ್ರಿ.

ಕ್ಯಾರೊಲ್ಸ್ ಕೂಡ ಪರವಾಗಿಲ್ಲ. ಆದರೆ ತಂಡದಲ್ಲಿ ಹಾಡುವವರು, ಡ್ರಮ್ ಬಾರಿಸುವವರು ಮೊದಲೇ ಗೊತ್ತಾಗಿರುತ್ತಾರೆ. ಹೊಸಬರು ಹಿಂದೆ ನಡೆಯುವವರಾಗಿಯೇ ಉಳಿಯುತ್ತಾರೆ. ಪಿಕ್ನಿಕ್‌ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಬಸ್ಸಿನಲ್ಲಿ ಹಳಬರು ಹಳಬರ ಜೊತೆಗೇ ಕೂರುತ್ತಾರೆ.

ಹೆಜ್ಜೆ 3: ಮೂರು ಜನರನ್ನು ಗೊತ್ತು ಮಾಡಿ

ಎಲ್ಲರೂ ಸ್ವಾಗತಿಸಲಿ ಎಂದರೆ ಯಾರೂ ಸ್ವಾಗತಿಸುವುದಿಲ್ಲ. ಮೂರೇ ಜನ ಸಾಕು. ಅವರಿಗೆ ಆ ದಿನ ಬೇರೆ ಕೆಲಸ ಕೊಡಬಾರದು. ಬಕೆಟ್ ಹಿಡಿಯುವಂತಿಲ್ಲ, ಮೈಕ್ ಹಿಡಿಯುವಂತಿಲ್ಲ.

ಯಾರನ್ನು ಆರಿಸಬೇಕು? ಸಮಿತಿಯ ಅಧ್ಯಕ್ಷರನ್ನಂತೂ ಬೇಡ. ಹತ್ತು ಜನ ಬಂದು ಅವರನ್ನು ಮುತ್ತಿಕೊಳ್ಳುತ್ತಾರೆ. ನಾವು ಆರಿಸಿದ್ದು ಹೋದ ವರ್ಷವಷ್ಟೇ ಬಂದಿದ್ದ ಒಬ್ಬ ಯುವಕ, ಶಾಲೆಯಿಂದ ನಿವೃತ್ತರಾದ ಟೀಚರಮ್ಮ ಒಬ್ಬರು, ಮತ್ತೆ ಹಿಂದಿ ತಮಿಳು ಎರಡೂ ಬರುವ ಆಟೋ ಓಡಿಸುವ ಅಣ್ಣ. ಮೂವರಲ್ಲಿ ಆಟೋ ಅಣ್ಣನೇ ಗೆದ್ದ. ಯಾರ ಜೊತೆಗಾದರೂ ಮಾತು ಶುರು ಮಾಡುವುದು ಅವನಿಗೆ ದಿನನಿತ್ಯದ ಕಸುಬು.

ಅವರ ಕೆಲಸ ಮೂರು. ಒಂಟಿಯಾಗಿ ನಿಂತವರನ್ನು ಹುಡುಕಬೇಕು. ಹೆಸರು ಕೇಳಿ, ತಮ್ಮ ಹೆಸರು ಹೇಳಬೇಕು. ಆಮೇಲೆ ಅವರನ್ನು ಇನ್ನೊಬ್ಬರಿಗೆ ಪರಿಚಯಿಸಬೇಕು. ಕೊನೆಯದು ಮುಖ್ಯ. "ಇವ್ರೂ ಹಾಸನದ ಕಡೆಯವ್ರೇ" ಎಂದೋ, "ಇವ್ರ ಮಗಳೂ ಮೂರನೇ ಕ್ಲಾಸು" ಎಂದೋ ಒಂದು ಎಳೆ ಹುಡುಕಿ ಜೋಡಿಸಿ ಪಕ್ಕಕ್ಕೆ ಸರಿಯಬೇಕು.

ಹೆಜ್ಜೆ 4: ಪ್ರಕಟಣೆಯನ್ನು ಹೊಸಬರ ಕಿವಿಯಿಂದ ಕೇಳಿ

ಪೂಜೆಯ ಕೊನೆಯಲ್ಲಿ ಓದುವ ಪ್ರಕಟಣೆ ಹೀಗಿರುತ್ತದೆ: "ಮೂರನೇ ವಲಯದ ಕಿರು ಕ್ರೈಸ್ತ ಸಮುದಾಯದವರು ಎಂದಿನ ಜಾಗದಲ್ಲಿ ಸೇರತಕ್ಕದ್ದು." ಮೂರನೇ ವಲಯ ಯಾವುದು? ಎಂದಿನ ಜಾಗ ಎಲ್ಲಿ? ನನಗೂ ಮೊದಲ ವರ್ಷ ಗೊತ್ತಿರಲಿಲ್ಲ.

ಬದಲಿಗೆ ಹೀಗೆ ಓದಿ ನೋಡಿ: "ಶನಿವಾರ ಸಂಜೆ ಐದಕ್ಕೆ ಚರ್ಚ್ ಹಿಂದಿನ ಅಡುಗೆಮನೆಯಲ್ಲಿ ಹಬ್ಬದ ಊಟಕ್ಕೆ ತರಕಾರಿ ಹೆಚ್ಚುತ್ತೇವೆ. ಯಾರು ಬೇಕಾದರೂ ಬರಬಹುದು. ಮನೆಯಿಂದ ಒಂದು ಚಾಕು ತನ್ನಿ. ಟೀ ಇರುತ್ತದೆ."

ಹೆಜ್ಜೆ 5: ಕೆಲಸ ಕೊಡಿ

ಈ ಲೇಖನದಲ್ಲಿ ಒಂದೇ ಹೆಜ್ಜೆ ಓದಲು ಸಮಯ ಇದ್ದರೆ ಇದನ್ನು ಓದಿ.

ಅತಿಥಿ ಎಂದು ಕೂರಿಸಿದವರು ಅತಿಥಿಯಾಗಿಯೇ ಉಳಿಯುತ್ತಾರೆ. ಬರುತ್ತಾರೆ, ಉಣ್ಣುತ್ತಾರೆ, ಥ್ಯಾಂಕ್ಸ್ ಹೇಳುತ್ತಾರೆ, ಹೋಗುತ್ತಾರೆ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ಹೊಸ ಸೊಸೆ ಒಳಗಿನವಳಾಗುವುದು ಹಾಲ್‌ನ ಸೋಫಾದಲ್ಲಿ ಅಲ್ಲ, ಅಡುಗೆಮನೆಯಲ್ಲಿ.

ತರಕಾರಿ ಅಂಗಡಿಯಲ್ಲಿ ಸಿಕ್ಕ ಆ ಅಕ್ಕನನ್ನು ಮುಂದಿನ ಹಬ್ಬದ ಹಿಂದಿನ ಸಂಜೆ ಕರೆದೆ. ಇಪ್ಪತ್ತೈದು ಕೆಜಿ ಈರುಳ್ಳಿ ಗೋಣಿಚೀಲದ ಮೇಲೆ ಸುರಿದಿತ್ತು. ಸುತ್ತ ಎಂಟು ಹೆಂಗಸರು, ಇಬ್ಬರು ಹುಡುಗರು. ಆಕೆ ಬಂದು ಬಾಗಿಲ ಬಳಿ ನಿಂತು ಫೋನ್ ನೋಡತೊಡಗಿದರು. ನಮ್ಮ ಹಿರಿಯ ಅಜ್ಜಿ ಒಬ್ಬರು ತಲೆ ಎತ್ತದೆಯೇ, "ಏನವ್ವ, ಫೋನ್‌ನಲ್ಲಿ ಈರುಳ್ಳಿ ಹೆಚ್ಚಕ್ಕೆ ಬರ್ತದಾ? ಬಾ, ಕೂತ್ಕೋ" ಎಂದು ತಮ್ಮ ಈಳಿಗೆಮಣೆಯನ್ನೇ ತಳ್ಳಿದರು. ಹತ್ತು ನಿಮಿಷದಲ್ಲಿ ಎಲ್ಲರ ಕಣ್ಣಲ್ಲೂ ನೀರು. ಅರ್ಧ ಗಂಟೆಯಲ್ಲಿ ಆಕೆಯ ತವರು, ಗಂಡನ ಕೆಲಸ, ಮಗಳ ಉಬ್ಬಸ, ಮನೆ ಓನರ್ ಕಾಟ ಎಲ್ಲ ಹೊರಗೆ ಬಂತು. ಉಬ್ಬಸಕ್ಕೆ ನಾಲ್ಕು ಮನೆಮದ್ದು, ಎರಡು ಡಾಕ್ಟರ್ ವಿಳಾಸ ಸಿಕ್ಕವು. ಮಾರನೆಯ ದಿನ ಆಕೆ ಪಲ್ಯದ ಸೌಟು ಹಿಡಿದು ಸಾಲಿನಲ್ಲಿ ನಿಂತಿದ್ದರು. ನನಗೇ "ಸ್ವಲ್ಪ ಸರೀರಿ ಬ್ರದರ್" ಎಂದರು!

ಕೆಲಸ ಕೊಡುವಾಗ ಕೆಲವು ಎಚ್ಚರ ಬೇಕು. ಚಿಕ್ಕದಿರಬೇಕು, ಸೋತರೂ ಪರವಾಗಿಲ್ಲ ಎನ್ನುವಂಥದ್ದಿರಬೇಕು: ನೀರಿನ ಜಗ್, ಬಾಳೆಎಲೆ ಒರೆಸುವುದು, ಮಕ್ಕಳ ಲೆಮನ್ ಸ್ಪೂನ್ ಆಟಕ್ಕೆ ಸೀಟಿ ಊದುವುದು. ಹಣದ ಲೆಕ್ಕ ಬೇಡ. ಲಕ್ಕಿ ಡಿಪ್ ಟಿಕೆಟ್ ಮಾರಲು ಹೊಸಬರನ್ನು ಹಚ್ಚಲೇಬೇಡಿ, ಅವರಿಗೆ ಮಾರಲೂ ಹೋಗಬೇಡಿ. ಮೊದಲ ಭೇಟಿಯಲ್ಲೇ ಟಿಕೆಟ್ ಪುಸ್ತಕ ತೆಗೆದರೆ ಮುಂದಿನ ಸಲ ನಮ್ಮನ್ನು ಕಂಡು ದಾರಿ ಬದಲಿಸುತ್ತಾರೆ. ಒಬ್ಬರೇ ಮಾಡುವ ಕೆಲಸಕ್ಕಿಂತ ಹಳಬರೊಬ್ಬರ ಪಕ್ಕದಲ್ಲಿ ನಿಂತು ಮಾಡುವ ಕೆಲಸ ಕೊಡಿ. ಮತ್ತೆ, ಬೇಡ ಎಂದವರಿಗೆ ಒತ್ತಾಯ ಬೇಡ. ವಾರವಿಡೀ ದುಡಿದು ಬಂದವರಿಗೆ ಭಾನುವಾರ ಕೂತು ಉಣ್ಣುವುದೇ ದೊಡ್ಡ ಸುಖ ಇರಬಹುದು.

ಹೆಜ್ಜೆ 6: ಊಟದ ವಿಷಯ

ಚಿಕನ್ ಬಿರಿಯಾನಿ, ಹಂದಿ ಮಾಂಸದ ಫ್ರೈ ಇಲ್ಲದೆ ನಮ್ಮ ಹಬ್ಬ ಆಗುವುದಿಲ್ಲ, ಒಪ್ಪಿದೆ. ಆದರೆ ಸಸ್ಯಾಹಾರಕ್ಕೆ ಬೇರೆ ಟೇಬಲ್, ಬೇರೆ ಸೌಟು ಇರಲಿ. ಹಂದಿ ಮಾಂಸ ಯಾವುದು ಎಂದು ದೊಡ್ಡದಾಗಿ ಬರೆದು ಅಂಟಿಸಿ. ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ನಲವತ್ತು ದಿನ) ಶುಕ್ರವಾರ ಮಾಂಸದ ಕಾರ್ಯಕ್ರಮ ಇಟ್ಟುಕೊಳ್ಳುವಂತಿಲ್ಲ. ಆ ಶುಕ್ರವಾರಗಳಲ್ಲಿ ಶಿಲುಬೆ ಹಾದಿ (ಯೇಸುವಿನ ಯಾತನೆ ನೆನೆಯುವ ಪ್ರಾರ್ಥನೆ) ಮುಗಿದ ಮೇಲೆ ಗಂಜಿ, ಚಟ್ನಿ ಕೊಡುವುದನ್ನು ನಾವು ಶುರು ಮಾಡಿದೆವು. ಖರ್ಚಿಲ್ಲ, ಸದ್ದಿಲ್ಲ. ಬಿರಿಯಾನಿ ದಿನ ಬಾರದ ಕೆಲವರು ಗಂಜಿ ದಿನ ಬಂದರು.

ಹೆಜ್ಜೆ 7: ಕೇಳಬಾರದ ಪ್ರಶ್ನೆಗಳು

"ಯಾವ ಊರು?" ಎಂದು ಕೇಳಿ, ತೊಂದರೆ ಇಲ್ಲ. ನಮ್ಮ ಮಾತು ಶುರುವಾಗುವುದೇ ಹಾಗೆ. ಆದರೆ ಅದರ ಬೆನ್ನಿಗೇ "ಅಲ್ಲಿ ಯಾವ ಬೀದಿ? ಮೊದಲು ನೀವು ಯಾವ ಜನ?" ಎಂದು ಬರುವುದಿದೆಯಲ್ಲ, ಅದು ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ನೀರಿನಲ್ಲಿ ಜಾತಿ ತೊಳೆದು ಹೋಗಿದೆ ಎಂದು ಪೀಠದಿಂದ ಹೇಳಿ, ಊಟದ ಸಾಲಿನಲ್ಲಿ ಅದನ್ನೇ ಹುಡುಕಿದರೆ ಹೇಗೆ? ನಮ್ಮಲ್ಲಿ ಹಾಗೆ ಆಗಿದೆ. ಒಂದು ಕುಟುಂಬ ಅದೇ ಕಾರಣಕ್ಕೆ ಬಿಟ್ಟು ಹೋಯಿತು.

"ಕನ್ನಡದವರಾ ತಮಿಳಿನವರಾ?" ಎನ್ನುವುದೂ ಬೆಂಗಳೂರಿನಲ್ಲಿ ಸೂಕ್ಷ್ಮ. "ಯಾವ ಭಾಷೆಯಲ್ಲಿ ಪ್ರಾರ್ಥನೆ ಮಾಡೋದು ನಿಮಗೆ ಸಲೀಸು?" ಎಂದು ಕೇಳಿದರೆ ಅದೇ ಉತ್ತರ ಸಿಗುತ್ತದೆ, ನೋವಾಗುವುದಿಲ್ಲ.

"ಮಕ್ಕಳಿಲ್ವಾ?", "ಯಜಮಾನ್ರು ಯಾಕೆ ಬರಲ್ಲ?", "ಮದುವೆ ಚರ್ಚಲ್ಲೇ ಆಯ್ತಾ?" ಇವು ಗುರುಗಳ ಕೋಣೆಯ ಮಾತು. ಪಾಯಸದ ಟೇಬಲ್‌ನಲ್ಲಿ ಬೇಡ.

ಹೆಜ್ಜೆ 8: ಊಟದ ನಂತರ ಇಪ್ಪತ್ತು ನಿಮಿಷ ಚರ್ಚ್ ಒಳಗೆ

ಊಟ, ಆಟ ಮಾತ್ರ ಆದರೆ ನಾವೂ ಒಂದು ಕ್ಲಬ್ ಆಗಿಬಿಡುತ್ತೇವೆ. ಹಾಗೆಂದು ಊಟದ ಮಧ್ಯೆ ಪ್ರವಚನ ಇಟ್ಟರೆ ಯಾರೂ ಕೇಳುವುದಿಲ್ಲ. ನಾವು ಕಂಡುಕೊಂಡ ದಾರಿ ಇದು: ಊಟ ಮುಗಿದ ಮೇಲೆ "ಚರ್ಚ್ ಒಳಗೆ ಒಂದು ಸುತ್ತು ಹೋಗೋಣ, ಬರೋರು ಬನ್ನಿ" ಎಂದು ಟೀಚರಮ್ಮ ಕರೆಯುತ್ತಾರೆ. ಐದಾರು ಜನ ಬರುತ್ತಾರೆ. ಮಕ್ಕಳು ಜಾಸ್ತಿ.

ಬಾಗಿಲ ಪಕ್ಕದ ಪವಿತ್ರ ಜಲದಿಂದ ಶುರು. ಬೆರಳು ಅದ್ದಿ ಶಿಲುಬೆ ಗುರುತು ಹಾಕಿಕೊಳ್ಳುವುದು ನಮ್ಮ ದೀಕ್ಷಾಸ್ನಾನದ ನೆನಪಿಗೆ. ಪರಮಪ್ರಸಾದ ಪೆಟ್ಟಿಗೆಯ ಹತ್ತಿರ ಸದಾ ಉರಿಯುವ ದೀಪ. ಅದು ಉರಿಯುತ್ತಿದೆ ಎಂದರೆ ಒಳಗೆ ಪ್ರಭು ಇದ್ದಾರೆ ಎಂದರ್ಥ. ಅದಕ್ಕೇ ಅಲ್ಲಿ ಮೊಣಕಾಲೂರುವುದು. ಕೆಲವರು ಕೈ ಮುಗಿದು ಬಗ್ಗಿ ನಮಸ್ಕರಿಸುತ್ತಾರಲ್ಲ, ಅದೂ ಸರಿಯೇ. ಭಾರತದ ಧರ್ಮಸಭೆಗೆ 1969ರಲ್ಲೇ ರೋಮಿನಿಂದ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಆರತಿಗೂ ಆಗಲೇ ಒಪ್ಪಿಗೆ ಸಿಕ್ಕಿತು. ಗೋಡೆಯ ಮೇಲೆ ಶಿಲುಬೆ ಹಾದಿಯ ಹದಿನಾಲ್ಕು ಚಿತ್ರಗಳು. ಪಾಪನಿವೇದನೆಯ ಪೀಠ ಬಂದಾಗ ಮಕ್ಕಳೆಲ್ಲ ಒಳಗೆ ಇಣುಕಲು ನೂಕಾಡುತ್ತಾರೆ. ಇಣುಕಲಿ ಬಿಡಿ.

ಒಂದು ಮಾತನ್ನು ಇಲ್ಲೇ, ನಿಧಾನಕ್ಕೆ ಹೇಳಬೇಕು. ಪರಮಪ್ರಸಾದವನ್ನು ಅದಕ್ಕೆ ಸಿದ್ಧರಾದ ಕಥೋಲಿಕರು ಮಾತ್ರ ತೆಗೆದುಕೊಳ್ಳುತ್ತಾರೆ. ಗುಡಿಯ ಪ್ರಸಾದದ ರೂಢಿ ಇರುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಕೆಲವರಿಗೆ ಅವಮಾನವೂ ಅನ್ನಿಸುತ್ತದೆ. ಸಾಲಿನಲ್ಲಿ ಬಂದವರನ್ನು ಎಲ್ಲರೆದುರು ವಾಪಸ್ ಕಳಿಸಿ ಕಣ್ಣೀರು ಹಾಕಿಸಿದ್ದನ್ನು ನಾನೊಮ್ಮೆ ನೋಡಿದ್ದೇನೆ. ಮುಂಚೆಯೇ ತಿಳಿಸಿ: "ನಮಗೆ ಅದು ಕ್ರಿಸ್ತರ ಶರೀರ. ಅದಕ್ಕೆ ವರ್ಷಗಟ್ಟಲೆ ಸಿದ್ಧತೆ ಮಾಡ್ಕೊಂಡು ತಗೋತೀವಿ, ನಮ್ಮ ಮಕ್ಕಳೂ ಕಾಯ್ತಾರೆ. ನೀವು ಕೂತಲ್ಲೇ ಪ್ರಾರ್ಥನೆ ಮಾಡಬಹುದು." ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಆಶೀರ್ವಾದಕ್ಕೆ ಬರುವ ಪದ್ಧತಿ ಕೆಲವು ಚರ್ಚುಗಳಲ್ಲಿದೆ. ನಿಮ್ಮಲ್ಲಿದೆಯೇ ಎಂದು ಗುರುಗಳನ್ನು ಕೇಳಿಕೊಳ್ಳಿ. ಮಕ್ಕಳೂ ಕಾಯುತ್ತಾರೆ ಎನ್ನುವ ಮಾತು ಬಹಳ ಜನಕ್ಕೆ ಸಮಾಧಾನ ಕೊಡುತ್ತದೆ.

ಹೆಜ್ಜೆ 9: ಮುಂದಿನ ಏಳು ದಿನ

ನೂರು ಪುಟದ ಒಂದು ನೋಟ್‌ಬುಕ್ ಇಡಿ. ಹೆಸರು, ಫೋನ್, ಯಾರು ಮಾತಾಡಿಸಿದರು, ಒಂದು ನೆನಪಿನ ಮಾತು: "ಮಗಳಿಗೆ ಉಬ್ಬಸ", "ಗಿಟಾರ್ ಬರುತ್ತೆ", "ರಾತ್ರಿ ಪಾಳಿ". ಫೋನ್ ನಂಬರ್ ಕೇಳಿಯೇ ಬರೆದುಕೊಳ್ಳಿ. ಕೇಳದೆ ವಾಟ್ಸಾಪ್ ಗ್ರೂಪಿಗೆ ಸೇರಿಸಬೇಡಿ. ದಿನಕ್ಕೆ ನಲವತ್ತು ಗುಡ್ ಮಾರ್ನಿಂಗ್ ಚಿತ್ರ ಬಂದರೆ ಯಾರ ವಿಶ್ವಾಸವೂ ಉಳಿಯುವುದಿಲ್ಲ.

ವಾರದೊಳಗೆ ಒಂದು ಫೋನ್ ಮಾಡಿ. ಮಾತಾಡಿಸಿದವರೇ ಮಾಡಬೇಕು. "ಮಗಳು ಹೇಗಿದ್ದಾಳೆ?" ಅಷ್ಟೇ. ಆಮೇಲೆ ಅವರ ಬೀದಿಯ ಕಿರು ಕ್ರೈಸ್ತ ಸಮುದಾಯಕ್ಕೆ ತಿಳಿಸಿ. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಹತ್ತು ಕುಟುಂಬ ಸೇರಿ ಜಪಸರ, ಬೈಬಲ್ ಓದು, ಕೊನೆಗೆ ಟೀ. ದೊಡ್ಡ ಚರ್ಚಿನಲ್ಲಿ ಕಳೆದುಹೋಗುವವರು ಇಲ್ಲಿ ಕಳೆದುಹೋಗುವುದಿಲ್ಲ. ಆದರೆ ಹೊಸಬರ ಮನೆಗೆ ಮೊದಲ ಸಲ ಹದಿನೈದು ಜನ ನುಗ್ಗಬೇಡಿ. ಒಂದೇ ರೂಮಿನ ಮನೆ ಇರಬಹುದು, ಅಷ್ಟು ಲೋಟಗಳೇ ಇಲ್ಲದಿರಬಹುದು. ಮೊದಲು ನಿಮ್ಮ ಮನೆಗೆ ಕರೆಯಿರಿ.

ಬೇರೆ ಊರಿಂದ ಬಂದ ಕಥೋಲಿಕರಿಗೆ ಒಂದು ಉಪಕಾರ ಮಾಡಿ: ಹಳೆಯ ಧರ್ಮಕೇಂದ್ರದಿಂದ ದೀಕ್ಷಾಸ್ನಾನದ ಪತ್ರ ತರಿಸಿಕೊಳ್ಳಲು ಈಗಲೇ ಹೇಳಿ, ಇಲ್ಲಿನ ಕುಟುಂಬ ದಾಖಲೆಯಲ್ಲಿ ಹೆಸರು ಬರೆಸಿ. ಮಗುವಿನ ಪ್ರಥಮ ಪರಮಪ್ರಸಾದಕ್ಕೆ, ದೃಢೀಕರಣಕ್ಕೆ (ವಿಶ್ವಾಸ ಗಟ್ಟಿಗೊಳಿಸುವ ಸಂಸ್ಕಾರ), ಮದುವೆಗೆ ಅದು ಬೇಕೇ ಬೇಕು. ಮೂಲ ದಾಖಲೆ ಇರುವುದು ದೀಕ್ಷಾಸ್ನಾನ ಆದ ಚರ್ಚಿನ ರಿಜಿಸ್ಟರಿನಲ್ಲೇ. ಮದುವೆಗೆ ಹತ್ತು ದಿನ ಇರುವಾಗ ಜಾರ್ಖಂಡಿನ ಸಿಮ್ಡೇಗಾಕ್ಕೋ ಚಿಕ್ಕಮಗಳೂರಿಗೋ ಫೋನ್ ಹಚ್ಚುವ ಪಾಡು ಯಾರಿಗೂ ಬೇಡ.

ಹೆಜ್ಜೆ 10: "ನಾನೂ ಕಥೋಲಿಕನಾಗಬೇಕು" ಎಂದು ಯಾರಾದರೂ ಹೇಳಿದರೆ

ಮೊದಲು, ಕುಣಿದಾಡಬೇಡಿ. ಗುರುಗಳ ಹತ್ತಿರ ಕರೆದುಕೊಂಡು ಹೋಗಿ.

ಇದು ಒಂದು ವಾರದ ಕೆಲಸವಲ್ಲ. ದೊಡ್ಡವರ ದೀಕ್ಷೆಗೆ ಧರ್ಮಸಭೆ 1972ರಲ್ಲಿ ಹೊಸದಾಗಿ ರೂಪಿಸಿದ ವಿಧಿಯಲ್ಲಿ ಹಂತಗಳಿವೆ. ಮೊದಲು ಸುಮ್ನೆ ಬಂದು ನೋಡುವ, ಕೇಳುವ ಕಾಲ. ಆಮೇಲೆ ಮನಸ್ಸು ಗಟ್ಟಿಯಾದರೆ ದೀಕ್ಷಾರ್ಥಿಯಾಗಿ ಸೇರುವುದು, ಧರ್ಮೋಪದೇಶ ತರಗತಿ. ತಪಸ್ಸುಕಾಲದ ಮೊದಲ ಭಾನುವಾರ ಆಯ್ಕೆಯ ವಿಧಿ, ಅಂದರೆ ದೀಕ್ಷೆಗೆ ಯಾರು ಎಂದು ಗೊತ್ತು ಮಾಡುವುದು. ಕೊನೆಗೆ ಪಾಸ್ಖ ಜಾಗರಣೆಯ ರಾತ್ರಿ (ಈಸ್ಟರ್ ಹಿಂದಿನ ರಾತ್ರಿ) ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ. ಹಿರಿಯರು ದೀಕ್ಷಾಸ್ನಾನವನ್ನು ಈಗಲೂ ಜ್ಞಾನಸ್ನಾನ ಎನ್ನುತ್ತಾರೆ, ಎರಡೂ ಒಂದೇ. ಬೇರೆ ಕ್ರೈಸ್ತ ಸಭೆಯಲ್ಲಿ ಸರಿಯಾಗಿ ದೀಕ್ಷಾಸ್ನಾನ ಆಗಿದ್ದವರಿಗೆ ಮತ್ತೊಮ್ಮೆ ಸ್ನಾನ ಇಲ್ಲ. ವಿಶ್ವಾಸ ಪ್ರಕಟಣೆ ಮಾಡಿಸಿ ಬರಮಾಡಿಕೊಳ್ಳುತ್ತಾರೆ.

ಇಲ್ಲಿ ಒಂದು ಮಾತು ಖಡಾಖಂಡಿತ. ಊಟ, ಶಾಲೆಯ ಸೀಟು, ಕೆಲಸ, ಔಷಧಿ ಯಾವುದನ್ನೂ ನಂಬಿಕೆಯ ಜೊತೆ ಗಂಟು ಹಾಕುವಂತಿಲ್ಲ. ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಬಲವಂತ ಮಾಡುವಂತಿಲ್ಲ ಎಂದು ನಮ್ಮ ಧರ್ಮಸಭೆಯ ಕಾನೂನೇ ಹೇಳುತ್ತದೆ. ನಮ್ಮ ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಕಾಯುತ್ತದೆ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರದ ಬಗ್ಗೆ ಕಾನೂನು ತಂದಾಗಿನಿಂದ ಅನುಮಾನದ ಕಣ್ಣುಗಳು ಜಾಸ್ತಿಯಾಗಿವೆ. ಹಾಗಾಗಿ ಅಂಥ ಕೋರಿಕೆ ಬಂದಾಗ ಏನು ಬರೆಸಿಕೊಳ್ಳಬೇಕು, ಯಾರಿಗೆ ತಿಳಿಸಬೇಕು ಎನ್ನುವುದನ್ನು ಗುರುಗಳು ಧರ್ಮಕ್ಷೇತ್ರದ, ಅಂದರೆ ಬಿಷಪರ, ಕಚೇರಿಯಲ್ಲಿ ಕೇಳಿಯೇ ಮುಂದುವರಿಯಲಿ. ನಾವು ನೀವು ಉತ್ಸಾಹದಲ್ಲಿ ಮಾತು ಕೊಡುವುದು ಬೇಡ. ಕಾಫಿಗೆ ಬಂದ ಪಕ್ಕದ ಮನೆಯವರ ಫೋಟೋ ತೆಗೆದು "ಹೊಸ ವಿಶ್ವಾಸಿಗಳು" ಎಂದು ಸ್ಟೇಟಸ್ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಅವರು ಮನೆಯಲ್ಲಿ, ಬೀದಿಯಲ್ಲಿ ಉತ್ತರ ಹೇಳಬೇಕಾಗುತ್ತದೆ.

ಹೆಜ್ಜೆ 11: ಲೆಕ್ಕ ಹೇಗೆ ನೋಡುವುದು?

ಎಷ್ಟು ತಟ್ಟೆ ಖರ್ಚಾಯಿತು ಎಂದು ಎಣಿಸಬೇಡಿ. ಆರು ತಿಂಗಳಿಗೊಮ್ಮೆ ನೋಟ್‌ಬುಕ್ ತೆರೆದು, ಅದರಲ್ಲಿರುವವರ ಪೈಕಿ ಈಗ ಯಾರು ಹಬ್ಬದ ಕೆಲಸದಲ್ಲಿದ್ದಾರೆ, ಗಾಯನ ವೃಂದದಲ್ಲಿದ್ದಾರೆ, ಯಾರು ಕಾಣೆಯಾಗಿದ್ದಾರೆ ಎಂದು ನೋಡಿ. ಕಾಣೆಯಾದವರಿಗೆ ಒಂದು ಫೋನ್. ಕೆಲವರು ಮನೆ ಬದಲಿಸಿರುತ್ತಾರೆ. ಕೆಲವರು "ಟೈಮ್ ಆಗ್ತಿಲ್ಲ" ಎನ್ನುತ್ತಾರೆ, ಸ್ವಲ್ಪ ಸುಮ್ಮನಿದ್ದರೆ ನಿಜವಾದ ಕಾರಣ ಹೇಳುತ್ತಾರೆ. ನಮ್ಮಲ್ಲಿ ಒಬ್ಬರು ಹೇಳಿದ್ದು, "ಅವತ್ತು ನನ್ನ ಕೂತಲ್ಲಿಂದ ಎಬ್ಬಿಸಿದ್ರು, ಅದು ಯಾರದ್ದೋ ಫ್ಯಾಮಿಲಿ ಬೆಂಚಂತೆ." ನಾವು ಮುಂದಿನ ಭಾನುವಾರ ಆ ಬೆಂಚಿನವರ ಜೊತೆ ಮಾತಾಡಿದೆವು. ಅವರು ಇನ್ನೂ ಸರಿಯಾಗಿ ನಮ್ಮ ಮುಖ ನೋಡುತ್ತಿಲ್ಲ.

ಈ ಸಲದ ಹಬ್ಬಕ್ಕೆ ಈರುಳ್ಳಿ ಮೂವತ್ತು ಕೆಜಿ ಹೇಳಿದ್ದೇವೆ. ಅಜ್ಜಿಗೆ ಈಗ ಕೂರಲು ಆಗುವುದಿಲ್ಲ, ಮಂಡಿ ನೋವು. ಅವರ ಈಳಿಗೆಮಣೆ ಆ ಅಕ್ಕನ ಮನೆಯಲ್ಲಿದೆ. ಶನಿವಾರ ಸಂಜೆ ಐದಕ್ಕೆ ತರುತ್ತೇನೆ ಎಂದಿದ್ದಾರೆ.